ಊಟ ಬಿಟ್ಟ ಹಾವು, ಹೋಟೆಲ್ ಮಾವ

ಮೊನ್ನೆ ಬ್ರಹ್ಮಾವರದ ನರ್ಸರಿಯೊಂದರಲ್ಲಿ ಗಿಡ ಆರಿಸುತ್ತಿದ್ದೆ. ಅಲ್ಲಿಯ ಕೆಲಸದವಳು ತೆಂಗಿನ ನಾರಿನ ಪುಡಿಯ ಗಟ್ಟಿಯೊಂದನ್ನು ಬಕೆಟ್ ನೀರಿಗೆ ಹಾಕಿದಳು. ಅದು ಉಬ್ಬಿ, ಒದ್ದೆ ವಾಸನೆ ಮೂಗಿಗೆ ಬಡಿದದ್ದೇ ತಡ, ವಂಡ್ಸೆಯ ನಮ್ಮ ಪಕ್ಕದ ಮನೆಯ ಚಾವಡಿ ಕಣ್ಣಿಗೆ ಬಂತು. ಅಲ್ಲೊಂದು ಗಾಜಿನ ಪೆಟ್ಟಿಗೆ, ತಳದಲ್ಲಿ ಇದೇ ಪುಡಿ, ಅದರ ಮೇಲೆ ಸುತ್ತಿಕೊಂಡ ಹಾವು. ಎದುರಿಗೆ ಹೋಟೆಲ್ ಮಾವ...

ಮಾವ ಎಂದರೆ ಸಂಬಂಧವೇನಲ್ಲ, ನೆರೆಯವರು. ಮುಂಬೈಯಲ್ಲಿ ಹೋಟೆಲ್ ನಡೆಸಿ, ಕೊನೆಗೆ ಅದನ್ನು ಮಾರಿ, ಹೆಂಡತಿಯೊಂದಿಗೆ ಊರಿಗೆ ಬಂದು ಕೂತವರು. ಕೂತವರು ಎಂದೆನಲ್ಲ, ಅದು ಬರೀ ಮಾತಿಗೆ. ಯಾರಾದರೂ ಉಣ್ಣಲು ಕೂತರೆ ಮಾವ ಎದುರಿಗೆ ಸೌಟು ಹಿಡಿದು ನಿಂತೇ ಇರಬೇಕು, ತುತ್ತು ತುತ್ತಿಗೂ ‘ಇನ್ನೊಂದ್ ಚೂರ್’ ಎನ್ನಬೇಕು. ಸಾಕು ಎಂಬ ಮಾತು ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅವರ ಮನೆಯಲ್ಲಿ ಉಂಡ ದಿನ ನನಗೆ ಸಂಜೆಯವರೆಗೂ ಉಸಿರಾಡುವುದು ಕಷ್ಟ.

ಅವರಿಗೆ ಒಬ್ಬಳೇ ಮಗಳು. ತಾನು ಮೆಚ್ಚಿದವನನ್ನು ಮದುವೆಯಾದಳೆಂದು ಮಾವ ಅವಳೊಂದಿಗೆ ಮಾತು ಬಿಟ್ಟಿದ್ದರು. ಮುಂಬೈಯಲ್ಲಿ ಅವಳೊಂದು ಹಾವು ಸಾಕಿಕೊಂಡಿದ್ದಳು. ಬಸುರಿಯಾಗಿ ಗಂಡನ ಹೆತ್ತವರ ಮನೆಯಲ್ಲಿ ಇರಬೇಕಾಗಿ ಬಂದಾಗ ಅದಕ್ಕೆ ಅಲ್ಲಿ ಜಾಗ ಸಿಗಲಿಲ್ಲ. ಅಮ್ಮನಿಗೆ ಫೋನ್ ಮಾಡಿ, ಹೆರಿಗೆಯಾಗಿ ತಾನು ಬಂದು ಕೊಂಡೊಯ್ಯುವವರೆಗೆ ಅಪ್ಪಯ್ಯ ಅದನ್ನು ನೋಡಿಕೊಂಡಾರೇ ಎಂದು ಕೇಳಿದಳು. ಮದುವೆಯ ನಂತರ ಮಗಳು ಅಪ್ಪನಲ್ಲಿ ಕೇಳಿದ್ದು ಅದೊಂದೇ. ಮಾವ ಎರಡನೇ ಮಾತಾಡದೆ ಹೂಂ ಎಂದರು.

ಗೆಳತಿಯೊಬ್ಬಳ ಕಾರಿನಲ್ಲಿ ಹಾವು ಬಂತು. ಜೊತೆಗೆ ಅದನ್ನು ಸಾಕಲು ಬೇಕಾದ ಕಾಗದಪತ್ರ, ಐಸ್ ಡಬ್ಬಿಯಲ್ಲಿ ಸತ್ತ ಇಲಿಗಳು. ಆಫ್ರಿಕಾ ಕಡೆಯ ಹೆಬ್ಬಾವಿನ ಜಾತಿಯಂತೆ, ವಿಷವಿಲ್ಲ, ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಮಾವನ ಹೆಂಡತಿ, ನಾವು ಕರೆಯುವ ಅತ್ತೆಗೆ ಮಾತ್ರ ಹಾವೆಂದರೆ ನಾಗನೇ. ಪೆಟ್ಟಿಗೆಯೆದುರು ಹಾಲಿಟ್ಟರು, ಹಾಲು ಹುಳಿಯಿತು. “ನಾಗ ಇಪ್ಪು ಮನೇಲ್ ಮೀನ್ ಬೇಯ್ಸುಕಾತ್ತಾ?” ಎಂದು ಅಡುಗೆಮನೆಯಿಂದ ಮೀನನ್ನೇ ಹೊರಗಿಟ್ಟರು. ಒಳ್ಳೆಯ ಬಂಗುಡೆ ಬರುವ ಕಾಲದಲ್ಲಿ ಪಾಪ ಮಾವ ಸೌತೆಕಾಯಿ ಹುಳಿ ಉಣ್ಣುತ್ತಿದ್ದರು. ಮೀನಿಗೆ ಜಾಗವಿಲ್ಲದ ಫ್ರಿಜ್ಜಿನಲ್ಲಿ ಇಲಿಗಳು ಹಾಯಾಗಿದ್ದವು.

ಹಾವು ತಿನ್ನಲಿಲ್ಲ. ಮಾವ ಇಲಿಯನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದ ಇಕ್ಕಳದಲ್ಲಿ ಹಿಡಿದು ಅದರ ಮೂತಿಯೆದುರು ಆಡಿಸುತ್ತಿದ್ದರು.

“ಒಂದ್ ಚೂರ್ ತಿನ್ನಿ ಮಾರಾಯ್ರೆ, ಎಂತ ಬೇಜಾರ್ ನಿಮ್ಗೆ?”

ಹಾವಿಗೆ ಬಹುವಚನ! ಅದು ತಲೆಯನ್ನು ಸುರುಳಿಯೊಳಗೆ ಹುದುಗಿಸಿಕೊಳ್ಳುತ್ತಿತ್ತು. ಮಾವ ಬಿಡಬೇಕಲ್ಲ, ಈ ಬದಿಯಿಂದ ಒಮ್ಮೆ, ಆ ಬದಿಯಿಂದ ಒಮ್ಮೆ... ವಾರಗಳು ಕಳೆದವು. ಹಾವಿನ ಬೆನ್ನೆಲುಬು ಎದ್ದು ಕಾಣತೊಡಗಿತು. ಮಗಳು ಫೋನಿನಲ್ಲಿ ವಿಚಾರಿಸಿದಾಗಲೆಲ್ಲ ಮಾವ ಪಕ್ಕದಿಂದ ಕೈಸನ್ನೆ ಮಾಡಿ, ತಿನ್ನುತ್ತಿದೆ ಎಂದು ಅತ್ತೆಯಿಂದ ಹೇಳಿಸುತ್ತಿದ್ದರು.

“ಕಾಣ್ ಮಾರಾಯ್ತಿ, ಇದ್ ಸತ್ರೆ ಅವ್ಳ್ ಮತ್ತ್ ಈ ಬಾಗ್ಲಿಗ್ ಬಪ್ಪುದಿಲ್ಲ” ಎಂದು ಒಮ್ಮೆ ನನ್ನಲ್ಲಿ ಹೇಳಿ ಮುಖ ತಿರುಗಿಸಿಕೊಂಡರು.

ಸುಳ್ಳು ಹೇಳಿ ಹೇಳಿ ಸಾಕಾಗಿ ಅತ್ತೆ ಒಂದು ದಿನ ಫೋನನ್ನು ಮಾವನ ಕೈಗೇ ತುರುಕಿದರು. ಸ್ಪೀಕರ್ ಹಾಕಿತ್ತು, ನಾನೂ ಅಲ್ಲಿದ್ದೆ. ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದರು.

“ಅಪ್ಪಯ್ಯ, ನೀವ್ ಎದ್ರಿಗೇ ನಿಂತ್ಕಂಡ್ ಕಾಂತಾ ಇಪ್ಪುದಾ?” ಎಂದಳು ಮಗಳು.

“ಹೌದ್ ಮತ್ತೆ, ಬಿಟ್ ಹೋಪುಕಾತ್ತಾ?”

“ಬಿಟ್ ಹೋಗಿ. ಬಟ್ಟೆ ಮುಚ್ಚಿ ಆಚೆ ಹೋಗಿ. ಕಾಂತಾ ನಿಂತ್ರೆ ಅದ್ಕ್ ಇಳಿತಿಲ್ಲ. ನಂಗೂ ಇಳಿತಿರ್ಲಿಲ್ಲ.”

ಆ ಸಂಜೆ ಮಾವ ಇಲಿಯನ್ನು ಪೆಟ್ಟಿಗೆಯೊಳಗಿಟ್ಟು, ಹೆಗಲ ಮೇಲಿನ ಬೈರಾಸನ್ನು ಅದರ ಮೇಲೆ ಹೊದೆಸಿ, ನಮ್ಮ ಜಗಲಿಗೆ ಬಂದರು. ನಾನು ಕೊಟ್ಟ ಚಹಾ ಆರಿತು. ಒಮ್ಮೆ ನೋಡಿ ಬರುತ್ತೇನೆಂದು ಏಳುವುದು, ಬೇಡವೆಂದು ಮತ್ತೆ ಕೂರುವುದು. ಅವರನ್ನು ನೋಡಿ ನನಗೆ ನಗುವೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು.

ಬೆಳಿಗ್ಗೆ ಕಾಂಪೌಂಡಿನಾಚೆಯಿಂದ ಕೂಗು ಕೇಳಿತು. “ಹ್ವಾಯ್, ತಿಂದಿತ್ತ್!” ಓಡಿ ಹೋಗಿ ನೋಡಿದೆ. ಇಲಿ ಇರಲಿಲ್ಲ, ಹಾವಿನ ನಡುವಿನಲ್ಲಿ ಸಣ್ಣದೊಂದು ಉಬ್ಬು. ಮಾವ ತಾವೇ ಫೋನ್ ಎತ್ತಿಕೊಂಡು ಮಗಳ ನಂಬರ್ ಒತ್ತುತ್ತಿದ್ದರು.

ಅವಳು ಕೂಸನ್ನೆತ್ತಿಕೊಂಡು ಬಂದದ್ದು ಆಮೇಲೆ ಕೆಲವು ತಿಂಗಳಿಗೆ. ಹಾವು ಕೊಂಡೊಯ್ಯಲು ಬಂದವಳು ಉಂಡೇ ಹೋಗುತ್ತೇನೆ ಎಂದಳು. ಮಾವ ಬಡಿಸಿದರು. ಬಡಿಸಿ, ಸೌಟನ್ನು ಪಾತ್ರೆಯಲ್ಲಿಟ್ಟು, ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ನಡೆದುಬಿಟ್ಟರು. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಮಗಳು ತಾನೇ ಕೈಚಾಚಿ ಇನ್ನಷ್ಟು ಅನ್ನ ಹಾಕಿಕೊಂಡಳು. ಕಲಸುತ್ತ ಅರೆಗಳಿಗೆ ಕೈ ನಿಲ್ಲಿಸಿ, “ಅಪ್ಪಯ್ಯ, ಬನಿ. ನೀವೂ ಕೂಕಣಿ, ಒಟ್ಟಿಗ್ ಉಂಬ” ಎಂದು ಕರೆದಳು. ಅವರಿಬ್ಬರೂ ಪಕ್ಕಪಕ್ಕ ಕೂತು, ಹೆಚ್ಚು ಮಾತಿಲ್ಲದೆ ಉಂಡರು. ಅಂದು ಬಡಿಸಿದ್ದು ಅತ್ತೆ.

ಈಗ ಮಾವ ಇಲ್ಲ. ಹಾವು ಮಗಳ ಮನೆಯಲ್ಲಿ ಚೆನ್ನಾಗಿದೆಯಂತೆ. ಮಾವನ ಊಟದ ಒತ್ತಾಯದಿಂದ ತಪ್ಪಿಸಿಕೊಳ್ಳಲು ಎಷ್ಟೋ ಸಲ ಹಿತ್ತಿಲ ದಾರಿ ಹಿಡಿದವಳು ನಾನು. ಆದರೂ ಅವರಿಲ್ಲದ್ದು ಬೇಸರವೇ... ವಂಡ್ಸೆಯ ರಸ್ತೆಯಲ್ಲಿ ಸಿಕ್ಕವರೆಲ್ಲ ಊಟ ಆಯ್ತಾ ಎನ್ನುತ್ತಾರೆ, ಎನ್ನುತ್ತಲೇ ದಾಟಿ ಹೋಗುತ್ತಾರೆ. ಉತ್ತರ ಬರುವವರೆಗೆ ನಿಲ್ಲುತ್ತಿದ್ದವರು ಮಾವ ಒಬ್ಬರೇ.