ಅಪ್ಪನ ಧೋತರಕ್ಕೆ ದುಬೈಯಿಂದ ಬೇಡಿಕೆ

ಗೆಳೆಯರೇ, ಇಂಡಿ ಊರಿನ ನಮ್ಮ ನಿಂಬೆಹಣ್ಣಿನ ಶೆಡ್ಡಿನಲ್ಲಿ ಇವತ್ತು ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿದೆ. ಹಂದಿಜ್ವರದ ಭಯಕ್ಕೆ ದುಬೈ ವ್ಯಾಪಾರಿ ಬೆಳಿಗ್ಗೆ ಮೇಲ್ ಹಾಕಿದ್ದ: "ಹಣ್ಣು ಆರಿಸುವ ಹೆಂಗಸರು ಮಾಸ್ಕ್ ಹಾಕಿರುವ ಫೋಟೊ ಕಳಿಸಿ. ಇಲ್ಲದಿದ್ದರೆ ಲೋಡು ಬೇಡ." ಲಾರಿ ತುಂಬಿ ನಿಂತಿತ್ತು. ಬಿಜಾಪುರ, ಸೋಲಾಪುರ ಎಲ್ಲ ಕಡೆ ಫೋನ್ ಮಾಡಿದರೂ ಮಾಸ್ಕ್ ಸಿಗಲಿಲ್ಲ. ಕಡೆಗೆ ಅವ್ವ ಕತ್ತರಿ ಹಿಡಿದು ಮನೆಯೊಳಗೆ ಹೋದಳು. ಒಂದು ಗಂಟೆಯಲ್ಲಿ ಕೆಂಪು ಅಂಚಿನ ಹನ್ನೆರಡು ಮಾಸ್ಕ್ ತಯಾರು! ಹೆಂಗಸರಿಗೆ ಹಾಕಿಸಿ, ಹಳೆ ಬಟ್ಟೆಯವು ಎಂದು ಬರೆದು ಫೋಟೊ ಕಳಿಸಿದೆ.

ಸಂಜೆ ಬಂದ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ: "ಲೋಡು ಕಳಿಸಿ. ಹಳೆ ಬಟ್ಟೆಯ ಮಾಸ್ಕ್ ಪರಿಸರಕ್ಕೂ ಒಳ್ಳೆಯದು. ಇಲ್ಲಿಯೂ ಸಿಗುತ್ತಿಲ್ಲ, ಇನ್ನೂರು ಕಳಿಸುವಿರಾ?"

"ಕಳಸೂಣು, ಅದಕ್ಕೇನಾತು!" ಎಂದು ಅಪ್ಪ ಮೀಸೆ ತಿರುವುತ್ತ ಫೋಟೊ ನೋಡಿದರು. ಕೈ ಮೀಸೆಯಲ್ಲೇ ನಿಂತಿತು. "ಏ, ಈ ಕೆಂಪ ದಡಿ ನನ್ನ ಮದುವಿ ಧೋತರದ್ದಲ್ಲೇನ?"

"ಹೌದ್ರಿ, ಟ್ರಂಕಿನಾಗ ಸುಮ್ನ ಬಿದ್ದಿತ್ತು," ಎಂದಳು ಅವ್ವ. "ಉಳದ ಧೋತರಾನೂ ತಗೀರಿ. ಇನ್ನೂರಕ್ಕ ನೀವ ಹೂಂ ಅಂದೀರಿ."

ಈಗ ಅಪ್ಪ ಟ್ರಂಕಿಗೆ ಬೀಗ ಜಡಿದು, ಉಟ್ಟಿದ್ದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಾರೆ.