ಅತ್ತೆಗಿಂತ ಮೊದಲು ಡಾಕ್ಟರಿಗೆ

ಮದುವೆಯಾಗಿ ಮಸ್ಕಿಗೆ ಬಂದ ಮೇಲೂ ನಾನು ಸಿಂಧನೂರಿನ ಕೆಲಸ ಬಿಡಲಿಲ್ಲ. ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ನಾನೊಬ್ಬಳೇ. ಹೋದ ಕೂಡಲೇ ಎದೆಗೆ ಒಂದು ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತೇನೆ. ಮೈಗೆ ಎಷ್ಟು ಕಿರಣ ತಾಗಿತೆಂದು ಅದು ಹಿಡಿದಿಡುತ್ತದೆ; ಮೂರು ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿ ವರದಿ ಬರುತ್ತದೆ. ನನ್ನದು ಯಾವಾಗಲೂ ಮಿತಿಯೊಳಗೇ ಇತ್ತು.

ಬಸುರಿಯಾದದ್ದು ಗೊತ್ತಾದಾಗ ಗಂಡನಿಗಷ್ಟೇ ಹೇಳಿದೆ. ಹಿಂದಿನ ಸಲ ಎರಡೇ ತಿಂಗಳಿಗೆ ಹೋಗಿಬಿಟ್ಟಿತ್ತು. ಅದಕ್ಕೂ ಕೆಲಸಕ್ಕೂ ಸಂಬಂಧವಿಲ್ಲವೆಂದು ಹೆರಿಗೆ ಡಾಕ್ಟರು ಹೇಳಿದ್ದರು. ಆಗ ಅತ್ತೆ ನನಗಿಂತ ಹೆಚ್ಚು ಅತ್ತಿದ್ದರು. ಈ ಸಲ ಮೂರು ತುಂಬಲಿ, ಆಮೇಲೆ ಅವರಿಗೆ ಹೇಳೋಣವೆಂದುಕೊಂಡೆವು.

ಆದರೆ ನಿಯಮ ಕಾಯುವುದಿಲ್ಲ. ಕಿರಣದ ಕೆಲಸದಲ್ಲಿರುವ ಹೆಂಗಸು ಬಸುರಿಯೆಂದು ಗೊತ್ತಾದ ಕೂಡಲೇ ಕೆಲಸ ಕೊಟ್ಟವರಿಗೆ ತಿಳಿಸಬೇಕು; ಅಲ್ಲಿಂದ ಮುಂದೆ ಹೊಟ್ಟೆಯಲ್ಲಿರುವ ಕೂಸಿಗೆ ಬೇರೆಯೇ ಮಿತಿ, ಬಹಳ ಸಣ್ಣದು. ಬಸ್ಸಿನಲ್ಲಿ ಕೂತು ನಾಲ್ಕು ಸಾಲಿನ ಅರ್ಜಿ ಬರೆದೆ.

ಆಸ್ಪತ್ರೆ ನಡೆಸುವ ಡಾಕ್ಟರು ಅದನ್ನು ಓದಿ ಕನ್ನಡಕ ತೆಗೆದರು. "ಸೀಸದ ಗ್ವಾಡಿ ಹಿಂದ ನಿಂತು ಬಟನ್ ಒತ್ತಿದ್ರ ಏನೂ ಆಗಂಗಿಲ್ಲವ್ವಾ."

"ಗ್ವಾಡಿ ಹಿಂದ ನಿಂತ್ರ ಆಗಂಗಿಲ್ರೀ. ಆದ್ರ ಸಣ್ಣ ಹುಡುಗ್ರು ಅತ್ರ ಹಿಡಿಯಾಕ ನನ್ನ ಕರೀತಾರ. ವಾರ್ಡಿಗೆ ಮಷಿನ್ ತಗೊಂಡು ನಾನ ಹೋಗ್ತೀನಿ. ಅವೆರಡೂ ಇನ್ನ ನನ್ನ ಕೈಲೆ ಆಗಂಗಿಲ್ಲ."

ಇಷ್ಟು ದಿನ ಕೂಸುಗಳನ್ನು ನಾನು ಹಿಡಿದದ್ದೇ ತಪ್ಪು, ಅದು ಸಿಬ್ಬಂದಿಯ ಕೆಲಸವಲ್ಲ, ಜೊತೆಗೆ ಬಂದವರೇ ಹಿಡಿಯಬೇಕೆಂದು ಇಬ್ಬರಿಗೂ ಗೊತ್ತಿತ್ತು. ಡಾಕ್ಟರು ಲಿಂಗಸುಗೂರಿನ ಪರಿಚಯದ ಟೆಕ್ನಿಷಿಯನ್ ಒಬ್ಬನಿಗೆ ಫೋನ್ ಮಾಡಿದರು. ಮರುವಾರದಿಂದ ಅವನು ಬಂದ. ನಾನು ಚೀಟಿ ಬರೆಯುವ ಕೌಂಟರಿನಲ್ಲಿ ಕೂತೆ.

ಅಲ್ಲೇ ಎಡವಟ್ಟಾಯಿತು. ಮುಕ್ಕುಂದದ ನಮ್ಮ ಸಂಬಂಧಿಯೊಬ್ಬರು ಮೊಣಕಾಲು ತೋರಿಸಲು ಬಂದವರು ನನ್ನನ್ನು ಕೌಂಟರಿನಲ್ಲಿ ನೋಡಿ, ಅತ್ತೆಗೆ ಸುದ್ದಿ ಮುಟ್ಟಿಸಿದರು: ನಿಮ್ಮ ಸೊಸೆಯನ್ನು ಮಷಿನ್ನಿನಿಂದ ತೆಗೆದಿದ್ದಾರೆ.

ಸಂಜೆ ನಾನು ಚಪ್ಪಲಿ ಬಿಡುವುದರೊಳಗೆ ಅತ್ತೆ ಕೇಳಿದರು. "ಏನ್ ತಪ್ಪ್ ಮಾಡೀದಿ? ಖರೇ ಹೇಳು."

ಹೇಳಲೇಬೇಕಾಯಿತು. ಅರ್ಜಿಯ ವಿಷಯವನ್ನೂ ಹೇಳಿದೆ. ಅವರ ಮುಖ ಅರಳಿ, ಮರುಗಳಿಗೆಯಲ್ಲೇ ಬಿಗಿಯಿತು.

"ಆ ಡಾಕ್ಟರಗ ಮೊದಲ ಗೊತ್ತಾತು, ನನಗ ಕಡೀಕ?"

"ಕಾಯ್ದೆ ಹಂಗ ಐತ್ರೀ ಅತ್ತಿ. ನಿಮಗ ಹೇಳಾಕ ನನಗ ಅಂಜಿಕಿ ಇತ್ತು."

ಅವರು ಗೋಡೆಗೆ ಒರಗಿ ಕೂತರು. ಜೀವನವಿಡೀ ಕಾಲುವೆ ಸೀಮೆಯಲ್ಲಿ ಭತ್ತ ನಾಟಿ ಮಾಡಿದವರು. ಸಿಟ್ಟು ಇಳಿದ ಮೇಲೆ ನಿಧಾನಕ್ಕೆ ಹೇಳಿದರು: "ನಿನ್ನ ಗಂಡ ಹೊಟ್ಯಾಗಿದ್ದಾಗ ಒಂಬತ್ತನೇ ತಿಂಗಳ ತನಕ ನೀರಾಗ ಬಗ್ಗಿ ನಿಂತಿದ್ದೆ. ಔಷಧಿ ಹೊಡದ ಗದ್ದಿ ಅದು. ನನ್ನ ಹೊಟ್ಟಿ ನೋಡಿ ಬದುವಿಗೆ ಕುಂದ್ರು ಅಂತ ಯಾರೂ ಕಾಯ್ದೆ ಮಾಡ್ಲಿಲ್ಲ ನೋಡು."

ನಾನು ಅವರ ಪಕ್ಕದಲ್ಲಿ ಕೂತೆ. ಅವರೇ ಎದ್ದು ಹೋಗಿ ಬಿಸಿ ರೊಟ್ಟಿ ಬಡಿದು ತಂದು, ತಿನ್ನುವವರೆಗೂ ಎದುರಿಗೆ ಕೂತರು.

ಮಗಳು ಆರೋಗ್ಯವಾಗಿ ಹುಟ್ಟಿದಳು. ರಜೆ ಮುಗಿಸಿ ಎಕ್ಸ್‌ರೇ ಕೋಣೆಗೆ ಮರಳಿದ ದಿನ ದಢೇಸುಗೂರಿನಿಂದ ಒಂದು ಪುಟ್ಟ ಹುಡುಗಿ ಕೈ ಮುರಿದುಕೊಂಡು ಬಂದು ಚೀರುತ್ತಿದ್ದಳು. ಅವಳ ಅಪ್ಪನಿಗೆ ಕಿರಣ ತಡೆಯುವ ಸೀಸದ ಏಪ್ರನ್ ತೊಡಿಸಿ, ಹೇಗೆ ಹಿಡಿಯಬೇಕೆಂದು ತೋರಿಸಿ, ನಾನು ಗೋಡೆಯ ಹಿಂದಕ್ಕೆ ಹೋದೆ.