ಗೋಡೆ ಪಕ್ಕದ ಕುರ್ಚಿ

ಮೊಮ್ಮಗಳು ನಡೆದಳು. ಹೊಲಿಗೆ ಮೆಷೀನಿನ ಕಾಲು ಹಿಡಿದುಕೊಂಡು ನಿಂತಿದ್ದವಳು ಕೈ ಬಿಟ್ಟು ನಾಲ್ಕು ಹೆಜ್ಜೆ ಹಾಕಿ ಬಂದು ನನ್ನ ಮಡಿಲಿಗೆ ಬಿದ್ದಳು. ನಾನು ಸಕ್ಕರೆ ಡಬ್ಬಿ ಎತ್ತಿಕೊಂಡು ಬೀದಿಗೇ ಹೋದೆ. ನಾಯಂಡಹಳ್ಳಿಯ ನಮ್ಮ ಬೀದಿಯಲ್ಲಿ ಒಂದು ಮನೆಯನ್ನೂ ಬಿಡಲಿಲ್ಲ, ಮೂಲೆಯ ಲೇತ್ ಅಂಗಡಿಯ ಹುಡುಗರ ಮಸಿ ಕೈಗೂ ಚಿಟಿಕೆ ಚಿಟಿಕೆ ಹಾಕಿದೆ.

"ಏನಜ್ಜಿ, ಭೂಮಿ ಮೇಲೆ ನಿಮ್ಮ ಮೊಮ್ಮಗಳೊಬ್ಳೇನಾ ನಡ್ದಿರೋದು?" ಎಂದಳು ಎದುರು ಮನೆಯಾಕೆ.

"ನಮ್ಮನೇಲಿ ಹೌದು ಕಣಮ್ಮಾ" ಎಂದೆ.

ಅವಳು ನಕ್ಕಳು. ನಾನೂ ನಕ್ಕೆ. ಆದರೆ ಮಗುವಿನ ಎರಡು ಕಾಲೂ ಸಮವಾಗಿ ನೆಲಕ್ಕೆ ತಾಗಿದ್ದನ್ನು ನೋಡಿದಾಗ ನನ್ನ ಎದೆಯೊಳಗೆ ಏನಾಯಿತೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ನನ್ನ ಮಗಳಿಗೆ, ಅಂದರೆ ಈ ಮಗುವಿನ ತಾಯಿಗೆ, ಎರಡು ವರ್ಷವಿದ್ದಾಗ ಪೋಲಿಯೋ ಆಗಿ ಎಡಗಾಲು ಸಣಕಲಾಯಿತು. ಎಡಮಂಡಿಯ ಮೇಲೆ ಕೈ ಒತ್ತಿಕೊಂಡು, ಪ್ರತಿ ಹೆಜ್ಜೆಗೂ ಬಗ್ಗಿ ಎದ್ದು ನಡೆಯುತ್ತಾಳೆ. ಬಲಗಾಲು ಮಾತ್ರ ಗಟ್ಟಿ. ಆ ಒಂದು ಕಾಲಿನಿಂದಲೇ ತುಳಿಯುವ ಮೆಷೀನು ಓಡಿಸಿ, ಹದಿನಾರಕ್ಕೇ ಬೀದಿಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದಳು.

ಅವಳಿಗೆ ಗಾರ್ಮೆಂಟ್ಸ್ ಕೆಲಸಕ್ಕೆ ಸೇರುವ ಆಸೆ. ಮೈಸೂರು ರಸ್ತೆಯಲ್ಲಿ ಬೆಳಿಗ್ಗೆ ಗುಂಪು ಗುಂಪಾಗಿ ಫ್ಯಾಕ್ಟರಿಗೆ ಹೋಗುವ ಹುಡುಗಿಯರನ್ನು ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಅಷ್ಟರಲ್ಲಿ ವಿಜಯನಗರದಲ್ಲಿ ಸರ್ಕಾರದ ದುಡ್ಡಿನಲ್ಲಿ ಒಂದು ತರಬೇತಿ ಕೇಂದ್ರ ಶುರುವಾಯಿತು. ಕರೆಂಟ್ ಮೆಷೀನು ಕಲಿಸಿ, ಫ್ಯಾಕ್ಟರಿಗೆ ಅವರೇ ಸೇರಿಸುತ್ತಾರಂತೆ. ಕರೆಂಟ್ ಮೆಷೀನಿಗೆ ತುಳಿಯುವ ಕಷ್ಟವೂ ಇಲ್ಲ, ಒಂದು ಪಾದ ಒತ್ತಿದರೆ ಸಾಕು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ, ಅಷ್ಟು ಸಂತೋಷ.

ಇಲ್ಲಿ ನಾನೊಂದು ತಪ್ಪು ಮಾಡಿದೆ.

ನಮ್ಮಲ್ಲಿ ಹೆಣ್ಣು ನೋಡಲು ಬಂದಾಗ ಕುಂಟುವ ಹುಡುಗಿಯನ್ನು ಗಂಡಿನವರು ಬರುವ ಮೊದಲೇ ಚಾಪೆಯ ಮೇಲೆ ಕೂರಿಸಿಬಿಡುತ್ತಾರೆ. ಕಾಫಿ ತಟ್ಟೆಯನ್ನು ಬೇರೆ ಯಾರಾದರೂ ತರುತ್ತಾರೆ. ನಾನೂ ಎರಡು ಸಲ ಹಾಗೇ ಮಾಡಿದ್ದೆ, ಎರಡು ಸಲವೂ ಅವಳು ನಮಸ್ಕಾರಕ್ಕೆ ಎದ್ದಾಗ ಗುಟ್ಟು ರಟ್ಟಾಗಿತ್ತು. ಅಷ್ಟಾದರೂ ಬುದ್ಧಿ ಬರಲಿಲ್ಲ. ಇಂಟರ್‌ವ್ಯೂ ದಿನ ಕೇಂದ್ರದ ಬಾಗಿಲು ತೆಗೆಯುವ ಮೊದಲೇ ಹೋಗಿ, ಗೋಡೆ ಪಕ್ಕದ ಕುರ್ಚಿಯಲ್ಲಿ ಅವಳನ್ನು ಕೂರಿಸಿದೆ. ಸೀರೆಯ ನೆರಿಗೆ ಎಳೆದೆಳೆದು ಎಡಗಾಲು ಮುಚ್ಚಿದೆ. ಫಾರಂನಲ್ಲಿ 'ಅಂಗವಿಕಲತೆ' ಎಂದಿದ್ದ ಕಡೆ 'ಇಲ್ಲ' ಎಂದು ಬರೆಸಿದ್ದವಳೂ ನಾನೇ. ಅವಳಿಗೆ ಇಷ್ಟವಿರಲಿಲ್ಲ. "ಬರಿಯೇ ಸುಮ್ನೆ" ಎಂದು ಗದರಿದ್ದೆ.

ಅಧಿಕಾರಿ ಕೂತಲ್ಲಿಂದಲೇ ಪ್ರಶ್ನೆ ಕೇಳಿದರು. ಅವಳು ಮಾದರಿಗೆಂದು ಹೊಲಿದು ತಂದಿದ್ದ ಕಾಲರು ನೋಡಿ "ಭೇಷ್" ಎಂದರು. ಆಮೇಲೆ, "ಬಾಮ್ಮ, ಇಲ್ಲೊಂದು ಸೈನ್ ಹಾಕು" ಎಂದರು.

ಮಗಳು ನನ್ನ ಮುಖ ನೋಡಿದಳು. ಮಂಡಿಗೆ ಕೈ ಕೊಟ್ಟು ಎದ್ದಳು.

"ಇದೇನ್ರಮ್ಮಾ? 'ಇಲ್ಲ' ಅಂತ ಬರ್ದಿದೀರ?"

"ಬಲಗಾಲು ಚೆನ್ನಾಗಿದೆ ಸಾರ್. ಮನೇಲಿ ಒಂದೇ ಕಾಲಲ್ಲಿ ತುಳ್ದು ಹೊಲೀತೀನಿ. ಒಂದ್ಸಲ ಮೆಷೀನ್ ಮುಂದೆ ಕೂರ್ಸಿ ನೋಡಿ ಸಾರ್."

"ಸುಳ್ಳು ಬರ್ದೋರ್ಗೆ ಸೀಟ್ ಕೊಟ್ರೆ ನನ್ ಕೆಲ್ಸ ಹೋಗತ್ತೆ. ನಿಮ್ಮಂಥೋರ್ಗೇ ಅಂತ ಸೀಟು ಮೀಸಲಿದೆ. ಹೌದು ಅಂತ ಬರ್ದಿದ್ರೆ ಮುಗೀತಿತ್ತು. ತಲೆ ಮೇಲೇ ಇದೆಯಲ್ಲ, ಕಾಣಲ್ವಾ?"

ತಿರುಗಿ ನೋಡಿದೆ. ನಾನು ಅವಳನ್ನು ಕೂರಿಸಿದ್ದ ಕುರ್ಚಿಯ ನೇರ ಮೇಲೆ ಒಂದು ಬೋರ್ಡು. ಮೂರನೇ ಕ್ಲಾಸು ಓದಿದವಳು ನಾನು, ಅಕ್ಷರ ಅಕ್ಷರ ಕೂಡಿಸಿ ಓದಿದೆ. ಜಾತಿ, ಧರ್ಮ, ಹೆಣ್ಣು, ಗಂಡು, ಅಂಗವಿಕಲತೆ ಎಂದು ಇಲ್ಲಿ ಯಾರಿಗೂ ಭೇದ ಮಾಡುವುದಿಲ್ಲ, ಅಂಗವಿಕಲರಿಗೆ ಸೀಟು ಕಾದಿರಿಸಲಾಗಿದೆ. ಮಗಳು ಏಳನೇ ಕ್ಲಾಸು ಓದಿದವಳು, ಕಣ್ಣಿಗೆ ಬಿದ್ದಿದ್ದರೆ ಒಂದೇ ಉಸಿರಿಗೆ ಓದಿಬಿಡುತ್ತಿದ್ದಳು. ಆದರೆ ಅವಳ ಬೆನ್ನು ಬೋರ್ಡಿನ ಕಡೆಗಿತ್ತು. ನಾನು ಕಾಲು ಮುಚ್ಚುವುದರಲ್ಲೇ ಮುಳುಗಿದ್ದೆ.

ಬಸ್ಸಿನಲ್ಲಿ ಅವಳು ನಾನು ಎಳೆದು ಮುಚ್ಚಿದ್ದ ನೆರಿಗೆಯನ್ನು ಸರಿಸಿಕೊಂಡು ಕೂತಳು.

ಮುಂದಿನ ಬ್ಯಾಚಿಗೆ ಆಸ್ಪತ್ರೆಗೆ ಅಲೆದು ಸರ್ಟಿಫಿಕೇಟು ಮಾಡಿಸಿ, ದೊಡ್ಡದಾಗಿ 'ಹೌದು' ಎಂದು ಬರೆದು ಹೋದೆವು. ಅದೇ ಅಧಿಕಾರಿ. "ಈಗ ಸರಿ" ಎಂದು ಮುದ್ರೆ ಒತ್ತಿ ಹಿಂದಿನ ಕೋಣೆ ತೋರಿಸಿದರು. ಅಲ್ಲಿ ಮೆಷೀನಿರಲಿಲ್ಲ. ಅಗರಬತ್ತಿ ಹೊಸೆಯುವ ಮಣೆಗಳಿದ್ದವು. ಕಣ್ಣು ಕಾಣದ ಒಬ್ಬರು, ಕೈ ಬೆರಳಿಲ್ಲದ ಒಬ್ಬ ಹುಡುಗಿ, ಕಿವಿ ಕೇಳದವರಿಬ್ಬರು, ಹೀಗೆ ಎಲ್ಲರನ್ನೂ ಆ ಒಂದೇ ಕೋಣೆಯಲ್ಲಿ ತುಂಬಿದ್ದರು.

"ಸಾರ್, ನಾನು ಹೊಲಿಗೆಗೆ ಅರ್ಜಿ ಹಾಕಿದ್ದು" ಎಂದಳು ಮಗಳು.

"ಫ್ಯಾಕ್ಟರಿಯವ್ರು ಓಡಾಡೋರ್ನ ಕೇಳ್ತಾರಮ್ಮ. ಸೀಟು ಕೊಡ್ತೀವಿ ಅಂತ ಬೋರ್ಡಲ್ಲಿದೆ, ಕೊಟ್ಟಿದೀವಿ. ಯಾವ ಸೀಟು ಅಂತ ಬರ್ದಿದ್ಯಾ?"

ಇಲ್ಲ ಎಂದರೆ ಸುಳ್ಳಿ, ಹೌದು ಎಂದರೆ ಅಗರಬತ್ತಿ.

ಮಗಳು ಮೇಲಿನವರಿಗೆ ದೂರು ಬರೆದಳು. ಎರಡು ಹಾಳೆ, ಮುತ್ತಿನಂಥ ಅಕ್ಷರ. ಅದನ್ನು ಕಳಿಸಲು ಬಿಡದವಳೂ ನಾನೇ. "ಸಿಕ್ಕಿರೋದೂ ಹೋಗತ್ತೆ ಕಣೇ, ಸುಮ್ನಿರು" ಎಂದು ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿ ಹಾಕಿದೆ. ಅವಳು ಬೋರ್ಡಿನಲ್ಲಿದ್ದ ಮಾತನ್ನು ನಂಬಿದ್ದಳು. ನಾನು ಮುದ್ರೆ ಒತ್ತುವ ಕೈಗೆ ಹೆದರಿದ್ದೆ.

ಮೂರು ತಿಂಗಳು ಹೊಸೆದಳು. ಅಗರಬತ್ತಿಯ ಇದ್ದಿಲಿನ ಮಸಿ ಉಗುರಿನೊಳಗೆ ಇಳಿದು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ನಡುವಿನ ಕಿಟಕಿಯಿಂದ ಹೊಲಿಗೆ ಕೋಣೆ ಕಾಣುತ್ತಿತ್ತಂತೆ. ಒಬ್ಬ ಹುಡುಗಿ ಮದುವೆಯಾಗಿ ಬಿಟ್ಟುಹೋದಳು, ಅವಳ ಮೆಷೀನು ಖಾಲಿ ಬಿದ್ದಿತ್ತು. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಗಳು ಹೋಗಿ ಕೂತು ಒಂದು ತೋಳು ಹೊಲಿದಳಂತೆ. ಹೊಲಿಗೆ ಟೀಚರಮ್ಮ ನೋಡಿ, "ನನ್ ಹುಡ್ಗೀರ್‍ಗಿಂತ ನೇರ ಹೋಗಿದೆ ಕಣೇ ನಿನ್ ಹೊಲಿಗೆ" ಎಂದರಂತೆ. ಎಂದು, ಅವಳನ್ನು ಎಬ್ಬಿಸಿ ಮೆಷೀನಿಗೆ ಕವರು ಹಾಕಿದರಂತೆ. ಕೊನೆಯ ದಿನ ದೊಡ್ಡವರು ಯಾರೋ ಬಂದರು. ನನ್ನ ಮಗಳನ್ನು ಆ ಬೋರ್ಡಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆದರು. ಫ್ಯಾಕ್ಟರಿಯ ಬಸ್ಸು ಬಂದು ಹೊಲಿಗೆಯವರನ್ನು ಕರೆದುಕೊಂಡು ಹೋಯಿತು.

ಮೂರನೇ ಸಲ ಹೆಣ್ಣು ನೋಡಲು ಬಂದಾಗ ನಾನು ಚಾಪೆ ಹಾಸಿದೆ. ಅವಳು ಕೂರಲಿಲ್ಲ. ಒಂದು ಕೈ ಮಂಡಿಯ ಮೇಲೆ, ಒಂದು ಕೈಯಲ್ಲಿ ಕಾಫಿ ತಟ್ಟೆ ಹಿಡಿದು ತಾನೇ ಬಂದಳು. ಅರ್ಧ ಕಾಫಿ ತಟ್ಟೆಗೆ ಚೆಲ್ಲಿತ್ತು. ಆ ಹುಡುಗ ಲೋಟದಲ್ಲಿ ಉಳಿದದ್ದನ್ನು ಕುಡಿದು, "ಸಕ್ಕರೆ ಸರಿಯಾಗಿದೆ" ಎಂದ. ಅವನೇ ನನ್ನ ಅಳಿಯ.

ಈಗ ಮಗು ಮನೆ ತುಂಬ ಓಡಾಡುತ್ತದೆ. ಇವತ್ತು ಬೆಳಿಗ್ಗೆ ನೋಡುತ್ತೇನೆ, ಎಡಮಂಡಿಯ ಮೇಲೆ ಪುಟ್ಟ ಕೈ ಒತ್ತಿಕೊಂಡು, ಬಗ್ಗಿ ಎದ್ದು ಬಗ್ಗಿ ಎದ್ದು ಅಮ್ಮನ ಹಿಂದೆಯೇ ಹೋಗುತ್ತಿದೆ. ನನ್ನ ಜೀವ ಹಾರಿಹೋಯಿತು. ಓಡಿಹೋಗಿ ಆ ಕೈ ಕಿತ್ತು ಫ್ರಾಕು ಎಳೆದು ಕಾಲು ಮುಚ್ಚಿದೆ.

ಮಗಳು ತಿರುಗಿ ನಿಂತಳು. "ಬಿಡಮ್ಮಾ" ಎಂದಳು. "ಹಿಂಗೂ ನಡೀಬಹುದು ಅಂತ ಅವ್ಳಿಗೂ ಗೊತ್ತಿರ್ಲಿ."

ನಾನು ಕೈ ಬಿಟ್ಟೆ.